ಗುರುವಾರದ ಗುಂಪಿಗೆ ಒಂದು ವರ್ಷ, ಮೇಡಂಗೆ ಒಂದು ಥ್ಯಾಂಕ್ಸ್

ನಮ್ಮ ಸಿಬಿಟಿ ಸೂಪರ್‌ವಿಷನ್ ಗುಂಪಿಗೆ ಈ ವಾರಕ್ಕೆ ಒಂದು ವರ್ಷ ತುಂಬ್ತು. ಸಿಬಿಟಿ ಅಂದ್ರೆ ಯೋಚನೆ, ನಡವಳಿಕೆ ಮೇಲೆ ಕೆಲಸ ಮಾಡೋ ಮಾತಿನ ಚಿಕಿತ್ಸೆ; ಅದನ್ನ ಮಾಡೋ ಥೆರಪಿಸ್ಟ್ ಹುಡುಗ್ರು ತಮ್ಮ ಕೇಸ್ ತಂದು ನನ್ನ ಜೊತೆ ಚರ್ಚೆ ಮಾಡೋ ಗುಂಪು ಇದು. ರೂಮ್ ಬಿಟ್ಟುಕೊಟ್ಟ ಗೆಳೆಯರು, ರೆಕಾರ್ಡಿಂಗ್‌ಗೆ ಒಪ್ಪಿದ ಕ್ಲೈಂಟ್‌ಗಳು, ಗುರುವಾರ ಬಂದ್ರೆ ಅಡುಗೆ ತಾವೇ ನೋಡ್ಕೊಂಡ ನಮ್ಮನೆಯವರು, ಎಲ್ರಿಗೂ ಥ್ಯಾಂಕ್ಸ್.

ಆದ್ರೆ ಇದನ್ನ ಬರೀತಿರೋದು, ಗುಂಪು ನಡೆಸೋಕೆ ನನಗೆ ದಾರಿ ತೋರಿಸಿದ ಮೇಡಂಗೋಸ್ಕರ. (ಹೆಸರು ಹಾಕಿದ್ರೆ ಬೈತಾರೆ.)

ಶುರುವಲ್ಲಿ ನಾನು ಮಾಡ್ತಿದ್ದದ್ದು ಬರೀ ಪಾಠ. ಹುಡುಗ್ರು ಕೇಸ್ ಹೇಳೋರು, ನಂದು ಮುಕ್ಕಾಲು ಗಂಟೆ ಉಪದೇಶ. ಮೇಡಂ ನಾನು ನಡೆಸಿದ ಒಂದು ಸೂಪರ್‌ವಿಷನ್ ಸೆಷನ್ ಟೇಪ್ ಕೇಳಿ "ಅಜೆಂಡಾ ಎಲ್ಲಿ? ಕೇಸ್ ಹೇಳಿದ ಹುಡುಗಿ ಏನ್ ಕೇಳೋಕೆ ಬಂದಿದ್ಲು?" ಅಂದ್ರು, ಅಷ್ಟೇ. ಆಮೇಲಿಂದ ಮೊದಲು ರಿಸ್ಕ್ ಇರೋ ಕೇಸ್, ಆಮೇಲೆ ತಲೆಗೊಂದು ಪ್ರಶ್ನೆ, ಪೂರ್ತಿ ಹಿಸ್ಟರಿ ಬೇಡ, ಎಲ್ಲಿ ಸಿಕ್ಕಾಕ್ಕೊಂಡ್ರೋ ಆ ಐದು ನಿಮಿಷದ ರೆಕಾರ್ಡಿಂಗ್ ಸಾಕು, ಅಲ್ಲೇ ರೋಲ್‌ಪ್ಲೇ. ಥೆರಪಿಸ್ಟ್ ಸೆಷನ್ ಎಷ್ಟು ಚೆನ್ನಾಗಿ ಮಾಡಿದ್ರು ಅಂತ ಅಂಕ ಕೊಡೋ ರೇಟಿಂಗ್ ಸ್ಕೇಲಲ್ಲಿ 66ಕ್ಕೆ 40 ದಾಟಿದ್ವಾ ಅಂತ ಒದ್ದಾಡ್ತಿದ್ದವ್ರಿಗೆ, 11 ಅಂಶದಲ್ಲಿ ಈ ವಾರ ಒಂದನ್ನೇ ನೋಡಿ ಅಂದಿದ್ದೂ ಅವರೇ. "ಹೇಗನಿಸ್ತು" ಅಂತ ಕೇಳಿದ್ರೆ ಕನ್ನಡದಲ್ಲಿ ಯೋಚನೆ, ಭಾವನೆ ಎರಡೂ ಒಟ್ಟಿಗೇ ಬಂದ್ಬಿಡುತ್ತೆ, "ಆಗ ತಲೇಲಿ ಏನ್ ಓಡ್ತು" ಅಂತ ಕೇಳಿ ಅಂತ ಹೇಳ್ಕೊಟ್ಟಿದ್ದೂ.

ಮತ್ತೆ ಆ ರಾತ್ರಿ. ಏನಾಯ್ತು ಅಂತ ಗುಂಪಿನವ್ರಿಗೆ ಗೊತ್ತು, ಇಲ್ಲಿ ಬರೆಯಲ್ಲ. ಹನ್ನೊಂದೂವರೆಗೆ ನಮ್ಮ ಗುಂಪಿನ ಒಬ್ಬ ಹುಡುಗಿ ತನ್ನ ಕ್ಲೈಂಟ್ ವಿಷಯಕ್ಕೆ ಫೋನಲ್ಲಿ ಅಳ್ತಿದ್ಲು, ನನ್ ಕೈ ನಡುಗ್ತಿತ್ತು, ಮೇಡಂ ಎರಡನೇ ರಿಂಗಿಗೆ ಎತ್ತಿದ್ರು. ತಪ್ಪು ಯಾರದ್ದು ಅಂತ ಕೇಳ್ಲೇ ಇಲ್ಲ. "ಕ್ಲೈಂಟ್ ಮನೇಲಿ ಈಗ ಯಾರಿದ್ದಾರೆ? ಮಾತ್ರೆ ಯಾರ ಕೈಲಿದೆ? ಆಸ್ಪತ್ರೆಗೆ ಯಾರು ಕರ್ಕೊಂಡ್ ಹೋಗ್ತಾರೆ?" ಒಂದಾದ್ಮೇಲೆ ಒಂದು. ಕ್ಲೈಂಟ್ ಸೇಫ್ ಅಂತ ಗೊತ್ತಾಗೋ ಹೊತ್ತಿಗೆ ಮೂರು ಗಂಟೆ, ಅಲ್ಲೀವರೆಗೂ ಅವರು ಫೋನ್ ಇಡ್ಲಿಲ್ಲ. ಆಮೇಲೆ ನನ್ನ ಕೇಳಿದ್ರು, "ಈಗ ನಿನ್ ತಲೇಲಿ ಏನ್ ಓಡ್ತಿದೆ?" ನಾನು ಈ ಕೆಲ್ಸಕ್ಕೇ ಲಾಯಕ್ಕಿಲ್ಲ ಮೇಡಂ ಅಂದೆ, ಅಂದು ಅತ್ತುಬಿಟ್ಟೆ, ಮಗು ತರ, ಅಡುಗೆಮನೆ ನೆಲದ ಮೇಲೆ ಕೂತ್ಕೊಂಡು. ಅವರು ಸುಮ್ನೆ ಕೇಳಿಸ್ಕೊಂಡ್ರು. ಆಮೇಲೆ "ಅದನ್ನ ಬರೆದಿಡು. ಅದು ನಿಜನಾ ಅನ್ನೋಕೆ ಪುರಾವೆ ನಾಳೆ ನೋಡೋಣ. ಈಗ ಮಲಗು" ಅಂದ್ರು.

ಬರೆದಿಟ್ಟೆ. ಮುಂದಿನ ಗುರುವಾರ ಆ ಹಾಳೆನೇ ಗುಂಪಿನ ಮುಂದೆ ಓದಿದೆ, ನಾಚಿಕೆ ಆಯ್ತು, ಓದಿದೆ. ಅಲ್ಲೀವರೆಗೆ ಚೆನ್ನಾಗಿ ನಡೆದ ಸೆಷನ್‌ಗಳನ್ನೇ ಆರಿಸಿ ತರ್ತಿದ್ದ ಹುಡುಗ್ರು, ಅದಾದ್ಮೇಲೆ ಕೆಟ್ಟದಾಗಿ ಹೋದ ಟೇಪ್‌ಗಳನ್ನ ತರೋಕೆ ಶುರು ಮಾಡಿದ್ರು.

ಮೇಡಂ, ಈ ಗುರುವಾರ ಐದೂವರೆಗೆ ನೀವು ಬರ್ಲೇಬೇಕು. ಹುಡುಗ್ರೇ, ರೆಕಾರ್ಡಿಂಗ್ ಮರೆತೆ ಅನ್ನೋ ಕಥೆ ಈ ಸಲ ನಡೆಯಲ್ಲ.