ಶನಿವಾರದ ಅಭ್ಯಾಸಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಶನಿವಾರದ ಅಭ್ಯಾಸ ಸಂಜೆ 6ಕ್ಕೆ. ನಾನು ಆಫೀಸಿನಿಂದ ನೇರ ಬರುತ್ತೇನೆ, ದಯವಿಟ್ಟು 5:30ಕ್ಕೇ ಬಾಗಿಲು ತೆಗೆದಿಡಿ. ಮೃದಂಗಕ್ಕೆ ಆ ಅರ್ಧ ಗಂಟೆ ಬೇಕೇ ಬೇಕು.

ಎಡಗಡೆಗೆ ರವೆ ಹಚ್ಚಬೇಕು. ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಹದ ಬರುವವರೆಗೂ ಅಂಗೈಯಲ್ಲಿ ನಾದಬೇಕು. ನೀರು ಜಾಸ್ತಿಯಾದರೆ ಜಾರುತ್ತದೆ, ಒಣಗಿದರೆ ಗುಮುಕಿ, ಅಂದರೆ ಎಡಗಡೆಯ ಆ ಗುಂಯ್ ಎನ್ನುವ ನಾದ, ಬರುವುದಿಲ್ಲ. ಆ ಹೊತ್ತಿನಲ್ಲಿ ಯಾರೂ ಮಾತಾಡಿಸಬೇಡಿ. ನನಗದು ಪೂಜೆಗೆ ಕೂತ ಹಾಗೆ. ಆಮೇಲೆ ಕಲ್ಲಿನಿಂದ ತಟ್ಟಿ ಶ್ರುತಿ ಕೂಡಿಸುತ್ತೇನೆ. ಈ ಮಳೆಯ ಥಂಡಿಗೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಕಿಟಕಿ ಮುಚ್ಚಿರಲಿ.

ಇನ್ನೊಂದು ಮುಖ್ಯ ವಿಷಯ. ಯಾರು ಹಾಡುತ್ತೀರಿ, ಶ್ರುತಿ ಎಷ್ಟು ಅಂತ ಮೊದಲೇ ಹೇಳಿ. ಒಂದು ಮನೆ ಶ್ರುತಿಗೆ (ಹಾರ್ಮೋನಿಯಂ ಲೆಕ್ಕದ ಮನೆ) ಕೂಡುವ ಮೃದಂಗ ಐದು ಮನೆ ಶ್ರುತಿಗೆ ಕೂಡುವುದಿಲ್ಲ. ಹಲಸಿನ ಮರದ್ದು, ಭಾರ ಅಲ್ವಾ, ಎರಡನ್ನೂ ಸ್ಕೂಟರಿನಲ್ಲಿ ತರೋಕಾಗಲ್ಲ.

ಮಕ್ಕಳನ್ನು ಖಂಡಿತ ಕರೆತನ್ನಿ. ಕೂತು ಕೇಳಲಿ, ಕೈಯಲ್ಲಿ ತಾಳ ಹಾಕಲಿ. ಬಲಗಡೆಯ ಚರ್ಮದ ನಡುವೆ ಮೆತ್ತಿದ ಕಪ್ಪು ಕರಣೆಗೆ ಮಾತ್ರ ಒದ್ದೆ ಕೈ ತಾಗಬಾರದು. ಅದು ಎದ್ದರೆ ನಾದವೇ ಕೆಡುತ್ತದೆ.

ಶ್ರುತಿ ಎಷ್ಟೆಂದು ಶುಕ್ರವಾರ ರಾತ್ರಿ 9ರೊಳಗೆ ಇಲ್ಲೇ ಬರೆಯಿರಿ.