ಉಜನಿ ಮೀನಿನ ಲೆಕ್ಕ: ಡಿಸೆಂಬರ್‌ಗೆ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಭೀಮಾ ನದಿಯ ಉಜನಿ ಜಲಾಶಯದ ನೀರು ಎಷ್ಟು ಕೆಟ್ಟಿದೆ ಅಂತ ತಿಳಿಯಲು ಅಲ್ಲಿನ ಮೀನಿನಲ್ಲಿ ಸೇರಿದ ವಿಷವನ್ನು ನಾವು ಅಳೆಯುತ್ತಿದ್ದೇವಲ್ಲ, ಅದರ ಬಗ್ಗೆ ಈ ಮಾತು. ಹೋದ ಸಲ ತಂದ ಮೀನುಗಳಲ್ಲಿ ಒಂದು ಗೇಣುದ್ದ, ಇನ್ನೊಂದು ಮೊಳದುದ್ದ ಇತ್ತು. ಹೀಗಾದರೆ ಹೋಲಿಸೋಕೆ ಆಗುವುದಿಲ್ಲ. ಪಾದರಸ ಮೀನಿನ ಮಾಂಸದಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ದೊಡ್ಡ ಮೀನಲ್ಲಿ ಜಾಸ್ತಿ ಕಂಡರೆ ಅದು ನೀರು ಕೆಟ್ಟಿದ್ದಕ್ಕೋ, ವಯಸ್ಸಾದದ್ದಕ್ಕೋ ಹೇಗೆ ಹೇಳುವುದು?

ಹಾಗಾಗಿ ಈ ಸಲ ಕಾಟ್ಲಾ ಮೀನು ಮಾತ್ರ. ಎಲ್ಲವೂ ಹತ್ತಿರ ಹತ್ತಿರ ಒಂದೇ ಉದ್ದ ಇರಲಿ. ಪ್ರತಿ ವರ್ಷ ಡಿಸೆಂಬರ್‌ನಲ್ಲೇ ತರೋಣ. ಮಳೆಗಾಲದಲ್ಲಿ ಅದು ಮೊಟ್ಟೆ ಇಡುತ್ತದೆ, ಆಗ ಮೈಕೊಬ್ಬು ಏರುಪೇರಾಗುತ್ತದೆ. ಡಿಡಿಟಿ (ಕೀಟನಾಶಕ), ಪಿಸಿಬಿ (ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ವಿಷ ರಾಸಾಯನಿಕ) ಇಂಥವು ಕೂತುಕೊಳ್ಳುವುದೇ ಕೊಬ್ಬಿನಲ್ಲಿ. ಉದ್ದ, ತೂಕ, ಹಿಡಿದ ಜಾಗ, ತಾರೀಕು ಬರೆಯಿರಿ. ನಾಲ್ಕು ಹುರುಪೆ ಕಾಗದದಲ್ಲಿ ಮಡಚಿಡಿ, ಅದರ ಉಂಗುರಗಳಿಂದ ವಯಸ್ಸು ಅಂದಾಜು ಮಾಡಬಹುದು. ಮೀನುಗಾರರನ್ನು ಕೇಳದೆ ಜಾಗ ಊಹಿಸಿ ಬರೆಯಬೇಡಿ, ದಯವಿಟ್ಟು.

"ನೀರನ್ನೇ ಪರೀಕ್ಷೆ ಮಾಡಿಸಿದರೆ ಸಾಲದಾ?" ಅಂತ ಕೆಲವರು ಕೇಳಿದ್ದೀರಿ. ನೀರು ಆ ದಿನದ ಕಥೆ ಹೇಳುತ್ತದೆ. ಮೀನು ತಾನು ಬದುಕಿದ ಅಷ್ಟೂ ದಿನದ್ದು ಹೇಳುತ್ತದೆ. ಅಮೆರಿಕದ ಮಹಾಸರೋವರಗಳಲ್ಲಿ 1970ರ ದಶಕದಿಂದ ಟ್ರೌಟ್ ಮೀನನ್ನು ಹೀಗೇ ಪರೀಕ್ಷಿಸುತ್ತಿದ್ದಾರೆ. ಪಿಸಿಬಿ ತಯಾರಿಕೆ ನಿಂತ ಮೇಲೆ ಮೀನಿನಲ್ಲಿ ಅದರ ಪ್ರಮಾಣ ಇಳಿದದ್ದು ಆ ಲೆಕ್ಕದಿಂದಲೇ ಗೊತ್ತಾಯಿತು. ಒಂದೆರಡು ವರ್ಷದಲ್ಲಿ ಕಾಣುವ ವಿಷಯವಲ್ಲ ಇದು.

ಪುಣೆಯ ಮುಳಾ-ಮುಠಾ ನದಿ ಭೀಮೆಗೆ ಸೇರಿ ಉಜನಿಗೆ ಬರುತ್ತದೆ. ಅಲ್ಲಿಂದ ಭೀಮೆ ನಮ್ಮ ಕಲಬುರಗಿ ಕಡೆಗೇ ಹರಿಯುತ್ತಾಳೆ ಅಲ್ವಾ? ಅದಕ್ಕೇ ಇಷ್ಟು ಒತ್ತಾಯ ಮಾಡುತ್ತಿದ್ದೇನೆ. ತಕ್ಕಡಿ, ಅಳತೆಪಟ್ಟಿ ಯಾರ ಹತ್ತಿರ ಇದೆ, ಇಲ್ಲೇ ತಿಳಿಸಿ.