ನಾಲ್ಕೂ ಚಕ್ರಕ್ಕೆ ಒಂದೇ ಗಾಳಿ ಬೇಡ

ಮಾನ್ಯ ಸಂಪಾದಕರೇ,

ಮಳೆ ಹಿಡಿದಿದೆ. ಚಾರ್ಮಾಡಿ ಘಾಟಿಯಲ್ಲಿ ದಿನವೂ ಗಾಡಿ ಓಡಿಸುವವನಾಗಿ ಪೆಟ್ರೋಲ್ ಬಂಕ್‌ನವರಲ್ಲಿ ಒಂದು ವಿನಂತಿ: ಗಾಳಿ ಹಾಕುವಾಗ ಸುಮ್ನೆ ನಾಲ್ಕೂ ಚಕ್ರಕ್ಕೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಡಬೇಡಿ.

ನನ್ನದು ಬೊಲೆರೊ. ಇಂಜಿನ್ ಮುಂದೆ, ಗಾಡಿ ತಳ್ಳುವುದು ಹಿಂದಿನ ಚಕ್ರ. ಇನ್ನೋವಾ ಕ್ರಿಸ್ಟಾ, ಹಳೆ ಅಂಬಾಸಡರ್ ಕೂಡ ಹಾಗೇ. ಆಲ್ಟೊದಂಥ ಕಾರಿನಲ್ಲಿ ಗಾಡಿ ಎಳೆಯುವುದು ಮುಂದಿನ ಚಕ್ರ, ಇಂಜಿನ್ ಭಾರ ಅದರ ಮೇಲೇ ಕೂತಿರುತ್ತದೆ. ನಮ್ಮ ಗಾಡಿ ಖಾಲಿ ಇದ್ದರೆ ಹಿಂಭಾಗ ಹಗುರ. ಅಲ್ಲಿ ಗಾಳಿ ಜಾಸ್ತಿಯಾದರೆ ಟೈರಿನ ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ. ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದರೂ ಸಾಕು, ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಬಲಕ್ಕೆ ಬಂಡೆ, ಎಡಕ್ಕೆ ಪ್ರಪಾತ ಇರುವ ಕಡೆ ಇದು ಸಣ್ಣ ವಿಷಯವಲ್ಲ.

ಅದೇ ಗಾಡಿಗೆ ಕಾಫಿ ಮೂಟೆ ತುಂಬಿದರೆ ಲೆಕ್ಕ ತಿರುಗುಮುರುಗು. ಆಗ ಹಿಂದೆ ಗಾಳಿ ಕಡಿಮೆ ಇರಬಾರದು. ಟೈರಿನ ಪಕ್ಕೆ ಮಡಚಿ ಮಡಚಿ ಬಿಸಿಯೇರಿ ಒಡೆಯುವ ಭಯವಿದೆ, ಗಾಡಿಯೂ ಓಲಾಡುತ್ತದೆ.

ಎಷ್ಟು ಹಾಕಬೇಕು ಅನ್ನೋದನ್ನು ಕಂಪನಿಯೇ ಬರೆದಿರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇದೆ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಅದರಲ್ಲಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಪೂರ್ತಿ ಲೋಡಿಗೆ ಬೇರೆ ಅಂಕಿಯೂ ಉಂಟು. ಅಂಕಿ ಕೆಪಿಎ ಎಂಬ ಇನ್ನೊಂದು ಅಳತೆಯಲ್ಲಿದ್ದರೆ 7ರಿಂದ ಭಾಗಿಸಿ, ಸುಮಾರಾಗಿ ಪಿಎಸ್‌ಐ ಸಿಗುತ್ತದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿ, ಅಷ್ಟು ತುಂಬಿಸಿ ಅಂತಲ್ಲ. ಇದನ್ನು ಹಳಬ ಚಾಲಕರೂ ತಪ್ಪು ತಿಳಿದಿದ್ದಾರೆ.

ಘಾಟಿ ಹತ್ತಿ ಬಂದ ಮೇಲೆ ಅಳೆದರೆ ಮೀಟರ್ ಜಾಸ್ತಿ ತೋರಿಸುತ್ತದೆ. ಅದು ಬಿಸಿಗೆ ಏರಿದ್ದು, ಇಳಿಸಬಾರದು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆಯೇ ನೋಡಬೇಕು. ಟೈರಿನ ಮೇಲೆ ಅಂಗೈ ಆಡಿಸಿದರೂ ಸುಳಿವು ಸಿಗುತ್ತದೆ. ನಡುವೆ ನುಣುಪಾಗಿ ಅಂಚಿನ ಹಲ್ಲು ಹಾಗೇ ಉಳಿದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಕಡಿಮೆ.

ಗಾಳಿ ಹಾಕುವ ಹುಡುಗರನ್ನು ದೂರುತ್ತಿಲ್ಲ. ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿರುವಾಗ ಅವರಾದರೂ ಏನು ಮಾಡಿಯಾರು? ‘ಮುಂದೆ ಎಷ್ಟು, ಹಿಂದೆ ಎಷ್ಟು, ಲೋಡ್ ಇದೆಯಾ?’ ಎಂದು ಕೇಳುವಂತೆ ಮಾಲೀಕರು ಅವರಿಗೆ ಹೇಳಿಕೊಡಲಿ. ಅದನ್ನೇ ಗಾಳಿ ಯಂತ್ರದ ಪಕ್ಕ ಕನ್ನಡದಲ್ಲಿ ದೊಡ್ಡದಾಗಿ ಬರೆಸಲಿ. ಪೆಟ್ರೋಲ್ ಅಳತೆ ತಪಾಸಣೆಗೆ ಬರುವ ಅಧಿಕಾರಿಗಳು ಆ ಯಂತ್ರದ ಮೀಟರನ್ನೂ ಒಮ್ಮೆ ಪರೀಕ್ಷಿಸಲಿ.

– ಒಬ್ಬ ಬೊಲೆರೊ ಚಾಲಕ, ಮೂಡಿಗೆರೆ